ಗ್ಯಾಸೋ, ಹೃದಯವೋ: ಇಸಿಜಿ ಗೆರೆ ಕರಾವಳಿಗೆ ಬಂದ ಕಥೆ

1955ರ ಸೆಪ್ಟೆಂಬರ್ 24ರ ನಸುಕು. ಅಮೆರಿಕದ ಡೆನ್ವರ್ ನಗರದಲ್ಲಿ ಹೆಂಡತಿಯ ತವರುಮನೆಯಲ್ಲಿ ಮಲಗಿದ್ದ ಅಧ್ಯಕ್ಷ ಐಸೆನ್‌ಹೋವರ್ ಎದೆನೋವಿನಿಂದ ಎಚ್ಚರಗೊಂಡರು. ಹಿಂದಿನ ದಿನವೆಲ್ಲ ಗಾಲ್ಫ್ ಆಡಿದ್ದರು, ಮಧ್ಯಾಹ್ನ ಹಸಿ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದಿದ್ದರು. ಖಾಸಗಿ ವೈದ್ಯ ಹೋವರ್ಡ್ ಸ್ನೈಡರ್ ಓಡಿ ಬಂದು ಮಾರ್ಫಿನ್ ಚುಚ್ಚಿದರು. ಬೆಳಿಗ್ಗೆ ಪತ್ರಕರ್ತರಿಗೆ ಸಿಕ್ಕ ಸುದ್ದಿ ಅಧ್ಯಕ್ಷರಿಗೆ ಅಜೀರ್ಣ ಎಂದಷ್ಟೇ. ಇಸಿಜಿ ಯಂತ್ರ ಆ ಮನೆಯ ಒಳಗೆ ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಕಾಗದದ ಮೇಲೆ ಗೆರೆ ಮೂಡಿದ ಮೇಲೆ ಅಜೀರ್ಣದ ಮಾತು ನಿಂತುಹೋಯಿತು. ಹೃದಯದ ಮುಂಭಾಗದ ಗೋಡೆಗೆ ಪೆಟ್ಟು ಬಿದ್ದಿತ್ತು. ಕರೆದರೆ ಇಡೀ ಸೇನೆಯ ವೈದ್ಯರು ಬಂದು ನಿಲ್ಲುವಂಥ ಮನುಷ್ಯನಿಗೂ ಒಂದು ಪಟ್ಟಿ ಕಾಗದ ಸಿಗಲು ಸುಮಾರು ಹತ್ತು ಗಂಟೆ ಹಿಡಿಯಿತು.

ಹತ್ತು ಗಂಟೆ ಯಾಕೆ ಹಿಡಿಯಿತು ಎಂದು ಉಡುಪಿ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಪುವಿನ ಕಡಲ ದಂಡೆಯ ಮನೆಯಲ್ಲಾಗಲಿ, ಕಾರ್ಕಳದಾಚೆ ಮಾಳದ ತೋಟದ ಮನೆಯಲ್ಲಾಗಲಿ, ರಾತ್ರಿ ಊಟವಾದ ಮೇಲೆ ಎದೆ ಹಿಡಿದರೆ ಮೊದಲು ಬರುವ ಮಾತು ‘ಗ್ಯಾಸ್ ಆಗಿರಬೇಕು’. ಜೀರಿಗೆ ಕಷಾಯ, ಸೋಡಾ, ಮೆಡಿಕಲ್‌ನಿಂದ ತಂದ ಒಂದು ಆಂಟಾಸಿಡ್, ಬೆನ್ನಿಗೆ ನೋವಿನ ಎಣ್ಣೆ. ಮನೆಯವರು ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಹತ್ತರಲ್ಲಿ ಅನೇಕ ಸಲ ಅದು ನಿಜಕ್ಕೂ ಗ್ಯಾಸೇ ಆಗಿರುತ್ತದೆ, ಹಾಗಾಗಿ ನಂಬಿಕೆ ಗಟ್ಟಿಯಾಗುತ್ತದೆ. ಹೊಟ್ಟೆಯ ಉರಿಯೂ ಹೃದಯದ ನೋವೂ ಒಂದೇ ಜಾಗದಲ್ಲಿ, ಒಂದೇ ಬಗೆಯ ಬೆವರಿನೊಂದಿಗೆ ಬರಬಲ್ಲವು. ನೂರು ವರ್ಷ ಅನುಭವವಿದ್ದ ಕೈಗೂ ನಾಡಿ ಹಿಡಿದು ಮಾತ್ರ ಇವೆರಡನ್ನು ಬೇರೆ ಮಾಡಲು ಆಗಲಿಲ್ಲ. ಬೇರೆ ಮಾಡಿದ್ದು ಒಂದು ಗೆರೆ. ಆ ಗೆರೆ ಹುಟ್ಟಿದ ಕಥೆಗಿಂತ, ಅದು ರೋಗಿಯ ಹತ್ತಿರ ಬರಲು ಪಟ್ಟ ಪಾಡಿನ ಕಥೆಯೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಹೃದಯ ಬಡಿಯುವಾಗ ಅಲ್ಲಿ ಸಣ್ಣದೊಂದು ವಿದ್ಯುತ್ತು ಹರಿಯುತ್ತದೆ, ಅದನ್ನು ಚರ್ಮದ ಮೇಲಿನಿಂದಲೇ ಹಿಡಿಯಬಹುದು ಎಂದು 1887ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಗಸ್ಟಸ್ ವಾಲರ್ ತೋರಿಸಿದರು. ಗಾಜಿನ ಸಣ್ಣ ನಳಿಗೆಯಲ್ಲಿ ಪಾದರಸ ಏರಿಳಿಯುವುದನ್ನು ನೋಡಿ ಅಳೆಯುವ ಸಾಧನ ಅವರದು. ತಮ್ಮ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಅವರು ಸಭೆಗಳಲ್ಲಿ ಪ್ರಯೋಗ ಮಾಡಿ ತೋರಿಸುತ್ತಿದ್ದರು. 1909ರಲ್ಲಿ ಇದು ನಾಯಿಗೆ ಹಿಂಸೆಯಲ್ಲವೇ ಎಂದು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಪಾತ್ರೆಯಲ್ಲಿ ಇರುವುದು ಅಡುಗೆ ಉಪ್ಪು ಕರಗಿಸಿದ ನೀರು ಎಂದು ಸರ್ಕಾರ ಉತ್ತರ ಕೊಡಬೇಕಾಯಿತು. ಈ ಸಾಧನದಿಂದ ರೋಗಿಗಳಿಗೆ ಹೆಚ್ಚಿನ ಪ್ರಯೋಜನವಾದೀತು ಎಂದು ಸ್ವತಃ ವಾಲರ್‌ಗೆ ಬಹುಕಾಲ ನಂಬಿಕೆ ಇರಲಿಲ್ಲ.

ನಂಬಿದವರು ವಿಲ್ಲೆಮ್ ಐಂಥೋವನ್. ಡಚ್ಚರ ಆಳ್ವಿಕೆಯ ಜಾವಾ ದ್ವೀಪದಲ್ಲಿ 1860ರಲ್ಲಿ ಹುಟ್ಟಿ, ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ದೊಡ್ಡದೊಂದು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಬೆಳ್ಳಿ ಲೇಪಿಸಿದ ಅತಿ ತೆಳುವಾದ ಸ್ಫಟಿಕದ ಎಳೆಯನ್ನು ಬಿಗಿದು, ಹೃದಯದ ವಿದ್ಯುತ್ತು ಹಾಯ್ದಾಗ ಆ ಎಳೆ ಅದುರುವುದನ್ನು ಬೆಳಕಿನ ನೆರವಿನಿಂದ ಫೋಟೋ ತಟ್ಟೆಯ ಮೇಲೆ ದಾಖಲಿಸಿದರು. ಈ ಸಾಧನದ ಬಗ್ಗೆ ಅವರು ಮೊದಲು ಬರೆದದ್ದು 1901ರಲ್ಲಿ. ಅದೇ ವರ್ಷ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದು ನಿಂತಿತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ ಬೇಕು, ಬಿಸಿಯೇರುವ ಕಾಂತವನ್ನು ತಂಪಾಗಿಡಲು ನೀರು ಹರಿಯುತ್ತಲೇ ಇರಬೇಕು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ಅಲ್ಲಾಡದೆ ಕೂರಬೇಕು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು ಇಟ್ಟವರೂ ಅವರೇ. ಇಂದಿಗೂ ಕಾರ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಯುವ ಪಟ್ಟಿಯ ಮೇಲೆ ವೈದ್ಯರು ಓದುವುದು ಅವೇ ಅಕ್ಷರಗಳನ್ನು.

ಇಷ್ಟು ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಸಾಧ್ಯವಿರಲಿಲ್ಲ, ಎದ್ದು ನಡೆಯಲಾಗದ ರೋಗಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದೂ ಸರಿಯಲ್ಲ. ಐಂಥೋವನ್ ಮೂರನೆಯ ದಾರಿ ಹುಡುಕಿದರು. 1905ರ ಮಾರ್ಚ್‌ನಲ್ಲಿ ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಹೃದಯದ ಸಂಕೇತವನ್ನು ಪ್ರಯೋಗಾಲಯಕ್ಕೆ ತರಿಸಿಕೊಂಡರು. ರೋಗಿ ಅಲ್ಲಿ, ಗೆರೆ ಇಲ್ಲಿ. ಈ ಸಂಗತಿಯನ್ನು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಮಾತ್ರ ಐಂಥೋವನ್ನರ ಕೆಲಸದಲ್ಲಿ ಅತ್ಯಂತ ದೂರದೃಷ್ಟಿಯದ್ದು ಇದೇ ಎನ್ನಿಸುತ್ತದೆ. ಓದಬಲ್ಲವನು ಒಂದು ಕಡೆ, ನೋಯುವವನು ಇನ್ನೊಂದು ಕಡೆ ಇರುತ್ತಾರೆ ಎಂಬ ತೊಡಕನ್ನು ಅವರು ಮೊದಲ ದಿನವೇ ಕಂಡಿದ್ದರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಆ ಹೊತ್ತಿಗೂ ಹೃದಯಾಘಾತವನ್ನು ಗೆರೆಯಲ್ಲಿ ಗುರುತಿಸುವ ವಿದ್ಯೆ ಇನ್ನೂ ಎಳೆಯದು. ಹೃದಯದ ರಕ್ತನಾಳ ಮುಚ್ಚಿದರೆ ಮನುಷ್ಯ ಅಲ್ಲೇ ಸಾಯುತ್ತಾನೆ, ಬದುಕಿದ್ದವನಿಗೆ ಬಂದದ್ದು ಬೇರೇನೋ ಎಂದು ಶತಮಾನದ ಆರಂಭದಲ್ಲಿ ವೈದ್ಯರು ತಿಳಿದಿದ್ದರು. ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲಿ ಒಂದು ಲೇಖನ ಬರೆದು, ರಕ್ತನಾಳ ಮುಚ್ಚಿದ ಮೇಲೂ ಮನುಷ್ಯ ಗಂಟೆ, ದಿನ, ವರ್ಷಗಟ್ಟಲೆ ಬದುಕಬಲ್ಲ, ಹಾಗಾಗಿ ಅದನ್ನು ಬದುಕಿರುವಾಗಲೇ ಪತ್ತೆ ಮಾಡಬೇಕು ಎಂದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ. ಕೆಲವು ವರ್ಷಗಳ ನಂತರ ಅವರು ಇಸಿಜಿ ಪಟ್ಟಿಗಳನ್ನು ಮುಂದಿಟ್ಟಾಗ ಕೇಳುವವರು ಸಿಕ್ಕರು. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ, ನೋವು ಶುರುವಾದ ಕೆಲವೇ ಗಂಟೆಗಳಲ್ಲಿ ತೆಗೆದ ಪಟ್ಟಿಯಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಎತ್ತರದ ಆರ್ ಅಲೆ ಇಳಿದು ನೆಲಮಟ್ಟಕ್ಕೆ ಬರಬೇಕಾದ ಗೆರೆ ಅಲ್ಲಿಗೆ ಬರದೆ ಮೇಲೆಯೇ ಉಳಿದು, ಬೆನ್ನು ಉಬ್ಬಿಸಿ ಟಿ ಅಲೆಗೆ ಸೇರುತ್ತಿತ್ತು. ಇಂದು ‘ಎಸ್‌ಟಿ ಎಲಿವೇಶನ್’ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳ ಬಾಯಲ್ಲೂ ಕೇಳಿಬರುವ ಮಾತಿನ ಮೂಲ ಇಲ್ಲಿದೆ.

ಹೀಗಿದ್ದೂ 1923ರಲ್ಲಿ ಅಮೆರಿಕದ ಇನ್ನೊಬ್ಬ ಅಧ್ಯಕ್ಷ ವಾರನ್ ಹಾರ್ಡಿಂಗ್ ಪ್ರವಾಸದಲ್ಲಿ ಎದೆನೋವು, ಹೊಟ್ಟೆನೋವಿನಿಂದ ಬಿದ್ದಾಗ ಅವರ ವೈದ್ಯರು ಹೇಳಿದ್ದು ಕೆಟ್ಟ ಏಡಿ ತಿಂದದ್ದರ ವಿಷ ಎಂದು. ಅವರು ಕೆಲವೇ ದಿನಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಹೃದಯ ಕೈಕೊಟ್ಟಿತ್ತು ಎಂದು ನಂತರದ ವೈದ್ಯರು ಬಹುಮಟ್ಟಿಗೆ ಒಪ್ಪಿದ್ದಾರೆ. ಏಡಿ ಸುಕ್ಕ ತಿಂದ ರಾತ್ರಿ ಎದೆ ಉರಿದರೆ ಏಡಿಯ ಮೇಲೆ ತಪ್ಪು ಹೊರಿಸುವ ಅಭ್ಯಾಸ ಮಲ್ಪೆ ಕಡಲಿಗೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಐಂಥೋವನ್ನರಂತೆ ಹೃದಯವನ್ನು ಮೂರು ಕಡೆಯಿಂದ ನೋಡಿದರೆ ಸಾಲದು ಎಂದು ಕಂಡುಕೊಂಡವರು ಮಿಷಿಗನ್‌ನ ಫ್ರಾಂಕ್ ವಿಲ್ಸನ್. ಎದೆಯ ಮೇಲೂ ಬಿಲ್ಲೆಗಳನ್ನು ಇಡುವ ಕ್ರಮ ಅವರದು. ಆ ಆರು ಜಾಗಗಳು ಯಾವುವು ಎಂದು 1938ರಲ್ಲಿ ಬ್ರಿಟನ್, ಅಮೆರಿಕದ ಹೃದ್ರೋಗ ಸಂಘಗಳು ಒಪ್ಪಂದಕ್ಕೆ ಬಂದವು. 1942ರಲ್ಲಿ ಇಮ್ಯಾನ್ಯುಯೆಲ್ ಗೋಲ್ಡ್‌ಬರ್ಗರ್ ಕೈಕಾಲುಗಳಿಂದಲೇ ಇನ್ನೂ ಮೂರು ನೋಟಗಳನ್ನು ತೆಗೆದರು. ಒಟ್ಟು ಹನ್ನೆರಡು ನೋಟಗಳಾದವು, ಇವಕ್ಕೆ ಲೀಡ್ ಎನ್ನುತ್ತಾರೆ. ಉಡುಪಿಯ ರಥಬೀದಿಯಲ್ಲಿ ತೇರಿನ ಸುತ್ತ ಹನ್ನೆರಡು ಜನ ಹನ್ನೆರಡು ಕಡೆ ನಿಂತರೆ ಒಬ್ಬೊಬ್ಬರಿಗೆ ತೇರಿನ ಒಂದೊಂದು ಮಗ್ಗುಲು ಕಾಣುವ ಹಾಗೆ, ಪ್ರತಿ ಲೀಡ್ ಹೃದಯದ ಒಂದು ಮಗ್ಗುಲನ್ನು ನೋಡುತ್ತದೆ. ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಏರಿದ್ದರೆ ಪೆಟ್ಟು ಹೃದಯದ ಕೆಳಗೋಡೆಗೆ. ವಿ1ರಿಂದ ವಿ4ರವರೆಗೆ ಏರಿದ್ದರೆ ಮುಂಗೋಡೆಗೆ. ಒಂದು, ಎವಿಎಲ್, ವಿ5, ವಿ6ರಲ್ಲಿ ಏರಿದ್ದರೆ ಎಡಪಕ್ಕಕ್ಕೆ. ಒಂದು ಮಗ್ಗುಲಲ್ಲಿ ಗೆರೆ ಏರಿ, ಅದರ ಎದುರು ಮಗ್ಗುಲಲ್ಲಿ ಕುಸಿದಿದ್ದರೆ ಓದುವವರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಚಿಕ್ಕ ಚೌಕ ಎಂದರೆ ಸೆಕೆಂಡಿನ 25ನೇ ಒಂದು ಪಾಲು. ಸಾವು ಬದುಕನ್ನು ಒಂದೆರಡು ಮಿಲಿಮೀಟರಿನಲ್ಲಿ ಅಳೆಯುವ ವಿದ್ಯೆ ಇದು.

ಗೆರೆಗೆ ಇನ್ನೊಂದು ಕಥೆಯೂ ಗೊತ್ತು. ಹೃದಯದ ಬಡಿತ ಮೇಲಿನ ಬಲಗೋಣೆಯ ಒಂದು ಸಣ್ಣ ಗಂಟಿನಲ್ಲಿ ಹುಟ್ಟಿ, ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣ ತಡೆದು, ಕವಲೊಡೆದ ದಾರಿಗಳಲ್ಲಿ ಕೆಳಗೋಣೆಗಳಿಗೆ ಇಳಿಯುತ್ತದೆ. ಆ ದಾರಿಯನ್ನು ತುಂಡುತುಂಡಾಗಿ ಕಂಡುಕೊಂಡರು. 1893ರಲ್ಲಿ ವಿಲ್ಹೆಲ್ಮ್ ಹಿಸ್, 1906ರಲ್ಲಿ ಜರ್ಮನಿಗೆ ಕಲಿಯಲು ಹೋಗಿದ್ದ ಜಪಾನಿನ ಸುನಾವೊ ತವಾರ, 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಅವರ ಶಿಷ್ಯ ಮಾರ್ಟಿನ್ ಫ್ಲ್ಯಾಕ್. ದಾರಿ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ಅವರಿಗಿಂತ ಮೊದಲೇ ಗೊತ್ತಿತ್ತು. ನಾಡಿ ನಿಧಾನವಾಗಿ ಇದ್ದಕ್ಕಿದ್ದಂತೆ ಮೂರ್ಛೆ ಹೋಗುವವರನ್ನು ಡಬ್ಲಿನ್‌ನ ರಾಬರ್ಟ್ ಆಡಮ್ಸ್ 1827ರಲ್ಲೂ ವಿಲಿಯಂ ಸ್ಟೋಕ್ಸ್ 1846ರಲ್ಲೂ ವರ್ಣಿಸಿದ್ದರು.

ನಮ್ಮಲ್ಲಿ ಅಂಥ ಮೂರ್ಛೆಗೆ ‘ಪಿತ್ತ ನೆತ್ತಿಗೇರಿದ್ದು’ ಎನ್ನುತ್ತಾರೆ, ಪುನರ್ಪುಳಿ ಶರಬತ್ತು ಕೊಡುತ್ತಾರೆ. ವಯಸ್ಸಾದ ಅಜ್ಜಿ ಬಚ್ಚಲಲ್ಲಿ ಬಿದ್ದರೆ ಕಾಲು ಜಾರಿತು ಎಂದು ಮೂಳೆ ಡಾಕ್ಟರ ಬಳಿಗೆ ಒಯ್ಯುತ್ತಾರೆ. ನಾಡಿ ನಿಮಿಷಕ್ಕೆ ಮೂವತ್ತೈದು ಇದ್ದದ್ದನ್ನು ಯಾರೂ ಎಣಿಸಿರುವುದಿಲ್ಲ. ಇಸಿಜಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪಿ ಅಲೆಯಿಂದ ಮುಂದಿನ ಅಲೆ ಶುರುವಾಗುವವರೆಗಿನ ಅಂತರ ಐದು ಚಿಕ್ಕ ಚೌಕ ಮೀರಿದ್ದರೆ ದಾರಿಯಲ್ಲಿ ತಡೆ ಶುರುವಾಗಿದೆ. ಆ ಅಂತರ ಬಡಿತದಿಂದ ಬಡಿತಕ್ಕೆ ಉದ್ದವಾಗುತ್ತ ಹೋಗಿ ಕೊನೆಗೆ ಒಂದು ಬಡಿತವೇ ತಪ್ಪಿಹೋಗುವುದನ್ನು ಡಚ್ ವೈದ್ಯ ವೆಂಕೆಬಾಖ್ ಇಸಿಜಿ ಬರುವ ಮೊದಲೇ, 1899ರಲ್ಲಿ, ಬರೀ ನಾಡಿಯ ಗೆರೆಗಳನ್ನು ನೋಡಿ ಕಂಡುಹಿಡಿದಿದ್ದರು. ಪಿ ಅಲೆಗಳು ತಮ್ಮ ಪಾಡಿಗೆ, ಕ್ಯೂಆರ್‌ಎಸ್ ತಮ್ಮ ಪಾಡಿಗೆ ಒಂದಕ್ಕೊಂದು ಸಂಬಂಧವಿಲ್ಲದೆ ಓಡುತ್ತಿದ್ದರೆ ದಾರಿ ಪೂರ್ತಿ ಕಡಿದಿದೆ ಎಂದರ್ಥ. ಕ್ಯೂಆರ್‌ಎಸ್ ಮೂರು ಚಿಕ್ಕ ಚೌಕದಷ್ಟು ಅಥವಾ ಹೆಚ್ಚು ಅಗಲವಿದ್ದರೆ ಕವಲಿನಲ್ಲಿ ತಡೆ. ಎಡಗವಲು ಕಟ್ಟಿದ್ದರೆ ಕಷ್ಟ ಇಮ್ಮಡಿ, ಏಕೆಂದರೆ ಅದು ಎಸ್‌ಟಿ ಗೆರೆಯನ್ನೇ ಎಳೆದಾಡಿ ಹೃದಯಾಘಾತವನ್ನು ಮುಚ್ಚಿಡುತ್ತದೆ.

ಆಘಾತ ಮತ್ತು ತಡೆ ಒಂದೇ ಪಟ್ಟಿಯಲ್ಲಿ ಒಟ್ಟಿಗೆ ಬರುವುದೂ ಉಂಟು. ನಡುಗಂಟಿಗೆ ರಕ್ತ ಕೊಡುವುದು ಹೆಚ್ಚಿನವರಲ್ಲಿ ಬಲ ರಕ್ತನಾಳ. ಕೆಳಗೋಡೆಯ ಆಘಾತದಲ್ಲಿ ಅದೇ ನಾಳ ಮುಚ್ಚಿರುವುದು ಸಾಮಾನ್ಯವಾದ್ದರಿಂದ ನಾಡಿಯೂ ಇಳಿಯುತ್ತದೆ, ರೋಗಿ ವಾಂತಿ ಮಾಡುತ್ತಾನೆ, ತಣ್ಣಗೆ ಬೆವರುತ್ತಾನೆ. ಮನೆಯವರ ಕಣ್ಣಿಗೆ ಇದು ಅಪ್ಪಟ ಹೊಟ್ಟೆಕೆಟ್ಟ ಲಕ್ಷಣ. ಎಲ್ಲಿ ಗೆರೆ ಅತಿ ಹೆಚ್ಚು ಬೇಕೋ ಅಲ್ಲೇ ಗ್ಯಾಸ್ ಎಂಬ ಊಹೆ ಅತಿ ಬಲವಾಗಿರುತ್ತದೆ.

ಐಸೆನ್‌ಹೋವರ್‌ಗೆ ಪೆಟ್ಟು ಬಿದ್ದ ಆ ವರ್ಷ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿಗೆ ಎರಡು ವರ್ಷ. ಕಲ್ಯಾಣಪುರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದ ಡಾ. ಟಿ.ಎಂ.ಎ. ಪೈ 1953ರಲ್ಲಿ ಮುರಕಲ್ಲಿನ ಬೋಳುಗುಡ್ಡದ ಮೇಲೆ ಅದನ್ನು ಕಟ್ಟಿದರು. ಸರ್ಕಾರದ ಹಣವಿಲ್ಲದೆ ಖಾಸಗಿಯಾಗಿ ನಡೆದ ದೇಶದ ಮೊದಲ ವೈದ್ಯಕೀಯ ಕಾಲೇಜುಗಳಲ್ಲಿ ಅದೂ ಒಂದು. ಗುಡ್ಡದ ಮೇಲೆ ಪಾಠವಿತ್ತು, ದೊಡ್ಡ ಆಸ್ಪತ್ರೆ ಇರಲಿಲ್ಲ. ಹಾಗಾಗಿ ರೋಗಿಗಳನ್ನು ನೋಡಿ ಕಲಿಯಲು ವಿದ್ಯಾರ್ಥಿಗಳು ಅರವತ್ತು ಕಿಲೋಮೀಟರ್ ದೂರದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಶುರುವಾದದ್ದು 1961ರಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯವರು ‘ಮಣಿಪಾಲಕ್ಕೆ ಒಯ್ಯೋಣ’ ಎನ್ನಲು ತೊಡಗಿದ್ದು ಅಲ್ಲಿಂದೀಚೆಗೆ.

ಯಂತ್ರವೂ ಅಷ್ಟರಲ್ಲಿ ಕುಗ್ಗುತ್ತ ಬಂದಿತ್ತು. ಕೇರಳದ ಪಾಲಕ್ಕಾಡ್‌ನಲ್ಲಿ 1963ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆಯಾದ ಬಿಪಿಎಲ್ ಕಂಪೆನಿ ಇಸಿಜಿ ಯಂತ್ರ ಮಾಡತೊಡಗಿದ ಮೇಲೆ ಊರಿನ ಕ್ಲಿನಿಕ್‌ಗಳಿಗೂ ಅದು ಕೈಗೆಟುಕಿತು. ಬಿಪಿಎಲ್ಲಿನ ‘ಕಾರ್ಡಿಯಾರ್ಟ್’ ಹೆಸರು ಹಳೆಯ ಕಾಂಪೌಂಡರುಗಳಿಗೆಲ್ಲ ಪರಿಚಿತ. ಒಂದೊಂದೇ ಲೀಡ್ ತೆಗೆದು, ಉದ್ದನೆಯ ಪಟ್ಟಿಯನ್ನು ಕತ್ತರಿಸಿ, ರಟ್ಟಿನ ಮೇಲೆ ಸಾಲಾಗಿ ಅಂಟಿಸಿ ಕೊಡುತ್ತಿದ್ದರು. ಎದೆಗೆ ಜೆಲ್ಲಿ ಸವರಿ ರಬ್ಬರ್ ಬುಗ್ಗೆಯ ಬಟ್ಟಲುಗಳನ್ನು ಕೂರಿಸುವುದು, ಕೈಕಾಲಿಗೆ ಕ್ಲಿಪ್ ಹಾಕುವುದು ಇವೆಲ್ಲ ಇಂದೂ ಇವೆ. ಎಡಗೈ ಬಲಗೈ ತಂತಿ ಅದಲುಬದಲಾದರೆ ಒಂದನೇ ಲೀಡ್ ತಲೆಕೆಳಗಾಗುತ್ತದೆ, ಇಲ್ಲದ ರೋಗ ಕಾಣುತ್ತದೆ. ತಂತಿ ಸರಿಯಾಗಿ ಹಾಕುವ ಕೈಗೆ ಓದುವ ಕಣ್ಣಿನಷ್ಟೇ ಬೆಲೆ ಇದೆ, ಆ ಕೈಯನ್ನು ನಾವು ನೆನೆಯುವುದು ಕಡಿಮೆ.

ಆದರೂ ಬಹಳ ಕಾಲ ಗೆರೆ ಓದಿ ಮಾಡುವುದು ಹೆಚ್ಚೇನೂ ಇರಲಿಲ್ಲ. ಹೃದಯಾಘಾತ ಎಂದು ತಿಳಿದರೆ ವಾರಗಟ್ಟಲೆ ಹಾಸಿಗೆ, ಆಮ್ಲಜನಕ, ಮಾರ್ಫಿನ್. ಬಡಿತದ ದಾರಿ ಕಡಿದವರಿಗೆ ಮಾತ್ರ ಬೇಗ ಹಾದಿ ಸಿಕ್ಕಿತು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬುವರ ಮೈಯೊಳಗೆ ಮೊದಲ ಪೇಸ್‌ಮೇಕರ್ ಕೂರಿಸಿದರು. ಅದು ಕೆಲವೇ ಗಂಟೆ ನಡೆಯಿತು, ಬದಲಾಯಿಸಿದರು. ಲಾರ್ಸನ್ ಮತ್ತೆ ಮತ್ತೆ ಹೊಸ ಸಾಧನ ಹಾಕಿಸಿಕೊಳ್ಳುತ್ತ 2001ರವರೆಗೆ ಬದುಕಿದರು.

ಹೃದಯಾಘಾತದ ಪಾಲಿಗೆ ಕಾಲ ತಿರುಗಿದ್ದು 1986ರಲ್ಲಿ. ಇಟಲಿಯಲ್ಲಿ 11,806 ರೋಗಿಗಳ ಮೇಲೆ ನಡೆದ ಗಿಸ್ಸಿ ಅಧ್ಯಯನ, ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಮದ್ದು ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿತು. ನೋವು ಶುರುವಾದ ಮೊದಲ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ತಡವಾದಷ್ಟೂ ಲಾಭ ಕರಗುತ್ತ ಹೋಗಿತ್ತು. ಎರಡು ವರ್ಷದ ನಂತರ 17,187 ರೋಗಿಗಳ ಐಸಿಸ್-2 ಅಧ್ಯಯನ, ಆ ಮದ್ದಿಗೆ ಆಸ್ಪಿರಿನ್ ಸೇರಿದರೆ ಇನ್ನಷ್ಟು ಜೀವ ಉಳಿಯುತ್ತದೆ ಎಂದಿತು. ಅಲ್ಲಿಂದ ಇಸಿಜಿಯ ಸ್ವಭಾವವೇ ಬದಲಾಯಿತು. ಅದುವರೆಗೆ ಅದು ಏನಾಗಿದೆ ಎಂದು ಹೇಳುವ ದಾಖಲೆ, ಅನಂತರ ಈಗಲೇ ಏನು ಮಾಡಬೇಕು ಎಂದು ಹೇಳುವ ಆಜ್ಞೆ. ಈ ಮದ್ದು ರಕ್ತಸ್ರಾವ ತರಬಲ್ಲದು, ಗ್ಯಾಸ್ ಇದ್ದವನಿಗೆ ಊಹೆಯ ಮೇಲೆ ಕೊಡುವಂಥದ್ದಲ್ಲ. ಎಸ್‌ಟಿ ಏರಿದೆಯೇ ಎಂದು ನೋಡಿಯೇ ಕೊಡಬೇಕು.

ಹಾಗಾದರೆ ನಮ್ಮವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕೂಡಿಹಾಕಿ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಆರು ಮಂದಿಯದು ಎಸ್‌ಟಿ ಏರಿದ ದೊಡ್ಡ ಆಘಾತ. ಅಂಥವರು ಆಸ್ಪತ್ರೆ ತಲುಪುವ ಹೊತ್ತಿಗೆ ಕಳೆದಿದ್ದ ಸಮಯದ ಮಧ್ಯಾಂಕ 360 ನಿಮಿಷ. ಆಸ್ಪತ್ರೆಯೊಳಗೆ ಬಂದ ಮೇಲೆ ಮದ್ದು ಶುರುವಾಗಲು 50 ನಿಮಿಷ. ಅಂದರೆ ತಡವಾದದ್ದು ಮುಖ್ಯವಾಗಿ ಮನೆಯಲ್ಲಿ ಮತ್ತು ದಾರಿಯಲ್ಲಿ. ನನ್ನ ಮಟ್ಟಿಗೆ ಈ 360 ಎಂಬ ಅಂಕಿ ಭಾರತದ ಹೃದ್ರೋಗದ ಚರಿತ್ರೆಯಲ್ಲಿ ಅತ್ಯಂತ ನೋವಿನದು. ಆರು ಗಂಟೆಯಲ್ಲಿ ಕಾರ್ಕಳದಿಂದ ಮಣಿಪಾಲಕ್ಕೆ ಮೂರು ಸಲವಾದರೂ ಹೋಗಿಬರಬಹುದು.

ಆ ವರ್ಷದ ನವೆಂಬರ್ 1ರಂದೇ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಯಿತು. ವಾಹನವೇನೋ ಬಂತು. ಆದರೆ ಎಲ್ಲಿಗೆ ಒಯ್ಯಬೇಕು ಎಂದು ಹೇಳಲು ಗೆರೆ ಬೇಕಲ್ಲ. ಕೊಯಮತ್ತೂರಿನ ಹೃದ್ರೋಗತಜ್ಞ ಥಾಮಸ್ ಅಲೆಗ್ಸಾಂಡರ್ ಮತ್ತು ಸಂಗಡಿಗರು ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಇಸಿಜಿಯ ಮೂಲಕ ಜೋಡಿಸಿದರು. ಅಲ್ಲಿನ 2,420 ರೋಗಿಗಳ ಲೆಕ್ಕ 2017ರಲ್ಲಿ ಬಂತು. ಒಂದು ವರ್ಷದೊಳಗಿನ ಸಾವು ನೂರಕ್ಕೆ 17.6ರಿಂದ 14.2ಕ್ಕೆ ಇಳಿದಿತ್ತು. ಹೊಸ ಮದ್ದೇನೂ ಇರಲಿಲ್ಲ. ಇದ್ದ ಮದ್ದು, ಇದ್ದ ವೈದ್ಯರು, ಅವರ ನಡುವಿನ ಸಂಪರ್ಕವಷ್ಟೇ ಹೊಸದು.

ಕರಾವಳಿಯಲ್ಲಿ ಇದೇ ಕೆಲಸವನ್ನು ಇನ್ನೂ ಸರಳವಾಗಿ ಮಾಡಿದವರು ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್. ಹಳ್ಳಿಯಿಂದ ಹೊರಟು ಮಂಗಳೂರು ತಲುಪುವಷ್ಟರಲ್ಲಿ ಹೊತ್ತು ಮೀರಿಹೋಗಿರುತ್ತಿದ್ದ ರೋಗಿಗಳನ್ನು ಕಂಡು, 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಎಂಬ ಯೋಜನೆಗೆ ಕೈಹಾಕಿದರು. ದಾನಿಗಳ ನೆರವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೈಯಲ್ಲಿ ಹಿಡಿದು ಒಯ್ಯಬಹುದಾದ ಇಸಿಜಿ ಯಂತ್ರ ಕೊಡುವುದು, ಹಳ್ಳಿಯ ವೈದ್ಯರನ್ನೂ ನಗರದ ಹೃದ್ರೋಗತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇರಿಸುವುದು. ಹಳ್ಳಿಯ ವೈದ್ಯರು ಪಟ್ಟಿಯ ಫೋಟೋ ಹಾಕುತ್ತಾರೆ, ಗುಂಪಿನಲ್ಲಿ ಎಚ್ಚರವಿರುವ ತಜ್ಞರು ನೋಡಿ ಹೇಳುತ್ತಾರೆ: ಇದು ಆಘಾತ, ಆಸ್ಪಿರಿನ್ ಕೊಟ್ಟು ಈಗಲೇ ಕಳುಹಿಸಿ, ಅಥವಾ ಇದು ಆಘಾತವಲ್ಲ, ಗಾಬರಿ ಬೇಡ, ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆಯಿರಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಚಿಕ್ಕಮಗಳೂರು ಹೀಗೆ ಹಬ್ಬುತ್ತ ಯಂತ್ರಗಳು ನೂರಾರು ಆದವು.

ಇದರಲ್ಲಿ ಕಾಣದಂತೆ ನಡೆದ ಇನ್ನೊಂದು ಕೆಲಸವಿದೆ. ದಿನವೂ ಹತ್ತಾರು ಪಟ್ಟಿಗಳು, ಅವುಗಳ ಕೆಳಗೆ ತಜ್ಞರ ನಾಲ್ಕು ಮಾತು ನೋಡುತ್ತ ನೋಡುತ್ತ ಹಳ್ಳಿಯ ವೈದ್ಯರ ಕಣ್ಣು ಪಳಗುತ್ತದೆ. ಆರೋಗ್ಯವಂತ ಯುವಕರಲ್ಲೂ ಎಸ್‌ಟಿ ಸ್ವಲ್ಪ ಏರಿರಬಹುದು, ಹೃದಯದ ಹೊರಪೊರೆ ಊದಿಕೊಂಡರೆ ಬಹುತೇಕ ಎಲ್ಲ ಲೀಡ್‌ಗಳಲ್ಲೂ ಏರುತ್ತದೆ, ಹಿಂಗೋಡೆಯ ಆಘಾತದಲ್ಲಿ ಏರುವ ಬದಲು ವಿ1, ವಿ2, ವಿ3ರಲ್ಲಿ ಕುಸಿದು ಕಾಣುತ್ತದೆ. ಕೆಳಗೋಡೆಯ ಆಘಾತವಿದ್ದರೆ ಎದೆಯ ಬಲಮಗ್ಗುಲಿನಲ್ಲೂ ಒಂದು ಲೀಡ್ ಇಟ್ಟು ನೋಡಬೇಕು. ಹೃದಯದ ಕೆಳಗಿನ ಬಲಗೋಣೆಗೂ ಪೆಟ್ಟಾಗಿದ್ದರೆ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆ ರಕ್ತದೊತ್ತಡವನ್ನು ಅಪಾಯಕ್ಕೆ ಇಳಿಸಬಹುದು. ಇವನ್ನು ಪುಸ್ತಕದಲ್ಲಿ ಒಮ್ಮೆ ಓದಿದರೆ ನಿಲ್ಲುವುದಿಲ್ಲ. ಕಲಿಕೆ ಮಣಿಪಾಲದ ಗುಡ್ಡದಿಂದ ಇಳಿದು ಹಳ್ಳಿಯ ಕೇಂದ್ರದ ಮೇಜಿಗೆ ಬಂದದ್ದು ಯಂತ್ರ ಬಂದದ್ದಕ್ಕಿಂತ ಕಡಿಮೆ ಸಂಗತಿಯಲ್ಲ.

ಸರ್ಕಾರವೂ ಹಿಂದೆಯೇ ಬಂತು. 46ನೇ ವಯಸ್ಸಿನಲ್ಲಿ, 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ರಾಜ್ಯವೇ ಬೆಚ್ಚಿತ್ತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ಸರ್ಕಾರ 2023ರ ಕೊನೆಗೆ ಘೋಷಿಸಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಕಂಪ್ಯೂಟರ್ ನೆರವಿನಿಂದ ನಿಮಿಷಗಳಲ್ಲಿ ಓದಿಸಿ, ಬೆಂಗಳೂರಿನ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು. ಕಂಪ್ಯೂಟರ್ ಓದುವುದನ್ನು ನಾನು ಸ್ವಾಗತಿಸುತ್ತೇನೆ. ಆದರೆ ರೋಗಿಯ ಮುಖ, ಬೆವರು, ಮಾತು ಅದಕ್ಕೆ ಕಾಣುವುದಿಲ್ಲ. ಪಟ್ಟಿಯ ತಲೆಯ ಮೇಲೆ ‘ನಾರ್ಮಲ್’ ಎಂದು ಅಚ್ಚಾಗಿದ್ದರೂ ನೋವು ನಿಂತಿಲ್ಲವಾದರೆ ಮನುಷ್ಯನ ಕಣ್ಣು ಅದನ್ನು ನೋಡಲೇಬೇಕು.

ಲೈಡನ್ನಿನ ಒಂದೂವರೆ ಕಿಲೋಮೀಟರ್ ತಂತಿಗೂ ವಾಟ್ಸ್‌ಆ್ಯಪ್ ಗುಂಪಿಗೂ ನಡುವೆ 113 ವರ್ಷ. ಇಷ್ಟು ಕಾಲ ಹಿಡಿದದ್ದು ವಿಜ್ಞಾನದ ಕೊರತೆಯಿಂದಲ್ಲ, ಓದಬಲ್ಲವರನ್ನು ನೋಯುವವರ ಹತ್ತಿರ ತರುವುದು ಯಾರ ಹೊಣೆ ಎಂಬುದು ತೀರ್ಮಾನವಾಗದ್ದರಿಂದ. ಉಡುಪಿ ಜಿಲ್ಲೆಯಲ್ಲಿ ಆ ಹೊಣೆ ಈಗ ನಮ್ಮ ಮೇಲೂ ಇದೆ. ಎದೆಯಲ್ಲಿ ಭಾರ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಮೂರ್ಛೆ, ಇವುಗಳಲ್ಲಿ ಯಾವುದು ಬಂದರೂ ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗದೆ 108ಕ್ಕೆ ಕರೆ ಮಾಡಿ. ರೋಗಿ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ಓದಿರಬೇಕು ಎಂಬುದು ಜಗತ್ತೆಲ್ಲ ಒಪ್ಪಿದ ನಿಯಮ, ಅದನ್ನು ಕೇಳಲು ಸಂಕೋಚ ಬೇಡ. ಮೊದಲ ಪಟ್ಟಿ ಸರಿಯಿದ್ದು ನೋವು ಉಳಿದಿದ್ದರೆ ಎರಡನೆಯದನ್ನು ಕೇಳಿ. ಹಳೆಯ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ, ಹೊಸದು ಯಾವುದು ಹಳೆಯದು ಯಾವುದು ಎಂದು ಅದರಿಂದಲೇ ತಿಳಿಯುತ್ತದೆ. ಆ ಕಾಗದ ವರ್ಷಗಳಲ್ಲಿ ಮಾಸಿಹೋಗುವುದರಿಂದ ಇಂದೇ ಜೆರಾಕ್ಸ್ ಮಾಡಿಸಿಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಯಂತ್ರ ಇದೆಯೇ, ಅದಕ್ಕೆ ಕಾಗದದ ಸುರುಳಿ ಇದೆಯೇ, ರಾತ್ರಿ ಅದನ್ನು ತೆಗೆಯುವವರು ಯಾರು?